ಕೈ ಬಿಟ್ಟರೂ ನಿಲ್ಲುವ ಕಂಬಿ

ನನ್ನ ಅಕ್ಕ ಪುಸ್ತಕ ಕಟ್ಟುವವಳು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಜೋಡಿಸಿ, ಬೆನ್ನಿಗೆ ದಾರ ಹೊಲಿದು, ಅಂಟು ಬಳಿದು, ರಟ್ಟು ಹಾಕಿ, ಕೊನೆಗೆ ಕತ್ತರಿಸುವ ಯಂತ್ರದಡಿ ಅಂಚುಗಳನ್ನು ನೇರ ಮಾಡುವುದು ಅವಳ ಕೆಲಸ. ಚಿಕ್ಕ ವಯಸ್ಸಿಗೇ ಆ ಪ್ರೆಸ್ಸಿಗೆ ಸೇರಿದವಳು ಇವತ್ತಿಗೂ ಅಲ್ಲೇ ಇದ್ದಾಳೆ. ಅವಳ ಎಡಗೈ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿದುಹೋಗುತ್ತದೆ. ಉಳಿದದ್ದನ್ನು ಅದೇ ಕತ್ತರಿಸುವ ಯಂತ್ರ ತೆಗೆದುಕೊಂಡಿತು. ಆಗ ಅವಳಿಗೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ.

ಗಾಯ ಒಣಗಿದ ಮೇಲೆ ಅವಳು ಮತ್ತೆ ಅದೇ ಮೇಜಿನ ಮುಂದೆ ಹೋಗಿ ಕೂತಳು. ಹಾಳೆಯನ್ನು ಮೋಟುಗೈಯಿಂದ ಒತ್ತಿ ಹಿಡಿದು, ಬಲಗೈಯಿಂದ ಮಡಿಕೆ ಎಳೆಯುವುದನ್ನು ತಾನಾಗಿ ಕಲಿತಳು. ನಾನು ದರ್ಜಿ, ಅವಳ ಅಂಗಿಗಳನ್ನೆಲ್ಲ ನಾನೇ ಹೊಲಿಯುವುದು. ಎಡತೋಳು ಗಿಡ್ಡ, ಗುಂಡಿಗಳು ಒಂದೇ ಕೈಗೆ ಸಿಗುವಷ್ಟು ದೊಡ್ಡವು. ವರ್ಷ ಕಳೆದಂತೆ ಎಡಭುಜ ಬಲಭುಜಕ್ಕಿಂತ ಒಂದು ಬೆರಳಷ್ಟು ಕೆಳಗಿಳಿಯಿತು. ಅದನ್ನು ಅವಳಿಗೆ ಹೇಳದೆ ಅಂಗಿಯ ಒಳಗೆ ಒಂದು ಪಟ್ಟಿ ಬಟ್ಟೆ ಇಟ್ಟು ಸರಿದೂಗಿಸುತ್ತಿದ್ದೆ.

ಅವಳನ್ನು ಒಳಗೊಳಗೇ ತಿಂದದ್ದು ಕೈ ಹೋದದ್ದಲ್ಲ. ಆಮೇಲೆ ಯಾರೂ ಅವಳಿಗೆ ಏನನ್ನೂ ಹೊರಲು ಬಿಡಲಿಲ್ಲ, ಅದು. ಪ್ರೆಸ್ಸಿನಲ್ಲಿ ಕಾಗದದ ಕಟ್ಟಿಗೆ ಕೈ ಹಾಕಿದರೆ ಎಲ್ಲಿಂದಲೋ ಒಬ್ಬರು ಓಡಿಬರುತ್ತಿದ್ದರು. ಮನೆಯಲ್ಲಿ ನೀರಿನ ಬಕೆಟ್ಟು ಭಾವನ ಪಾಲು. ತರಕಾರಿ ಚೀಲ ನನ್ನ ಪಾಲು.

“ಬಿಡಕ್ಕಾ, ನಾನು ಎತ್ಕೋತೀನಿ.”

“ಎತ್ಕೋ, ಎತ್ಕೋ. ನನ್ನನ್ನೂ ಎತ್ತಿ ಅದೇ ಚೀಲದೊಳಗೆ ಹಾಕ್ಕೊಂಡುಬಿಡು,” ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳೆಂದೇ ನಾವು ತಿಳಿದುಕೊಂಡಿದ್ದೆವು.

ನಲವತ್ತೈದು ದಾಟಿದ ಮೇಲೆ ಅವಳ ಮಂಡಿ ನೋಯತೊಡಗಿತು. ಮೆಟ್ಟಿಲು ಹತ್ತುವಾಗ ಕಟಕಟ ಸದ್ದು. ಭಾವ ಬಸ್ ಚಾಲಕರು. ಅವರ ಸಹೋದ್ಯೋಗಿಯೊಬ್ಬರ ಬೆನ್ನು ಸರಿಮಾಡಿದ ಫಿಸಿಯೋ ಡಾಕ್ಟರಮ್ಮನ ಹತ್ತಿರ ಅಕ್ಕನನ್ನು ಕರೆದುಕೊಂಡು ಹೋದರು. ಆಕೆ ಮಂಡಿಯನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ, “ಮಂಡಿಗೆ ಏನೂ ಆಗಿಲ್ಲ. ಅದನ್ನ ಹಿಡಿದು ನಿಲ್ಲಿಸೋ ತೊಡೆಯಲ್ಲಿ ಬಲ ಇಲ್ಲ. ಬಸ್ಕಿ ಹೊಡೀರಿ. ಮೊದಲು ಬರೀ ಮೈಯಲ್ಲಿ, ಆಮೇಲೆ ಭಾರ ಹೊತ್ತು,” ಎಂದರು.

“ಭಾರ ಹೊತ್ತಾ?” ಎಂದು ಅಕ್ಕ ಕೇಳಿದಳಂತೆ.

“ಹೌದು, ಭಾರ ಹೊತ್ತೇ.”

ಭಾವ ಆಮೇಲೆ ನನ್ನ ಅಂಗಡಿಗೆ ಬಂದು ಹೇಳಿದರು: “ಡಾಕ್ಟರು ಮಾತ್ರೆ ಬರೆದುಕೊಟ್ರೆ ಜನ ಮುಖ ಸಿಂಡರಿಸ್ತಾರೆ. ನಿಮ್ಮಕ್ಕನ ಮುಖ ನೋಡಬೇಕಿತ್ತು ನೀನು. ಲಾಟರಿ ಹೊಡೆದವಳ ಹಾಗೆ ಎದ್ದು ಬಂದಳು.”

ಮನೆಯ ಹಿಂಬದಿಯಲ್ಲಿ ಓಣಿಗೆ ಬಾಗಿಲಿದ್ದ ಒಂದು ಚಿಕ್ಕ ಕೋಣೆ ಇತ್ತು. ಭಾವನ ಹಳೆ ಟೈರು, ಮುರಿದ ಕುರ್ಚಿ, ಬಣ್ಣದ ಡಬ್ಬಿಗಳ ಗೋದಾಮು. ಒಂದು ಭಾನುವಾರ ಅಕ್ಕ ಅದನ್ನೆಲ್ಲ ಹೊರಕ್ಕೆ ಎಳೆದು ಹಾಕಿ, ನೆಲ ತೊಳೆದು, ಗೋಡೆಗೆ ಸುಣ್ಣ ಬಳಿದಳು. ನಾನು ದಪ್ಪ ಕ್ಯಾನ್ವಾಸಿನಲ್ಲಿ ಒಂದು ಚೀಲ ಹೊಲಿದು ಮರಳು ತುಂಬಿ ಕೊಟ್ಟೆ. ಅದನ್ನು ಹೆಗಲ ಮೇಲೆ ಹಾಕಿಕೊಂಡು ಅವಳು ಕೂತೇಳತೊಡಗಿದಳು. ಮೊದಮೊದಲು ಗೋಡೆ ಹಿಡಿದುಕೊಂಡು, ಆಮೇಲೆ ಹಿಡಿಯದೆ. ಮಂಡಿಯ ಸದ್ದು ನಿಂತುಹೋಯಿತು. ಅಷ್ಟಕ್ಕೇ ಬೇರೆಯವರಾಗಿದ್ದರೆ ಅವರೂ ನಿಲ್ಲಿಸುತ್ತಿದ್ದರು. ಅಕ್ಕ ಇನ್ನೊಂದು ಚೀಲ ಹೊಲಿಸಿಕೊಂಡಳು, ಮೊದಲಿನದಕ್ಕಿಂತ ದೊಡ್ಡದು. ಅದು ಹಗುರವೆನಿಸತೊಡಗಿದಾಗ ಭಾವ ಯಾರದೋ ಮುಚ್ಚಿಹೋದ ವ್ಯಾಯಾಮಶಾಲೆಯಿಂದ ಒಂದು ಕಬ್ಬಿಣದ ಸ್ಟ್ಯಾಂಡು, ಒಂದು ನೇರ ಕಂಬಿ, ಒಂದಿಷ್ಟು ತೂಕದ ಬಿಲ್ಲೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು.

ಕಷ್ಟ ಶುರುವಾದದ್ದು ಆಗ. ನೇರ ಕಂಬಿಯನ್ನು ಕತ್ತಿನ ಹಿಂದೆ, ಹೆಗಲ ಮೇಲೆ ಇಟ್ಟುಕೊಂಡು, ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ ಬಿಗಿಯಾಗಿ ಹಿಡಿಯಬೇಕು. ಹಿಡಿಯದಿದ್ದರೆ ಅದು ಬೆನ್ನಿನ ಮೇಲೆ ಉರುಳುತ್ತದೆ. ಅಕ್ಕನ ಬಲಗೈ ಹಿಡಿಯಿತು. ಎಡಗೈ ಅಲ್ಲಿಗೆ ಮುಟ್ಟಲೇ ಇಲ್ಲ. ನಾನು ಒಂದು ಪಟ್ಟಿ ಹೊಲಿದು ಮೋಟುಗೈಗೂ ಕಂಬಿಗೂ ಬಿಗಿದೆ. ನಿಂತಿರುವಾಗ ಎಲ್ಲ ಸರಿಯಿತ್ತು. ಅವಳು ಅರ್ಧ ಇಳಿದಾಗ ಕಂಬಿ ಎಡಕ್ಕೆ ವಾಲಿತು, ಪಟ್ಟಿ ಜಾರಿತು, ಬಿಲ್ಲೆಗಳೆಲ್ಲ ಒಂದರ ಹಿಂದೊಂದು ಕಳಚಿ ನೆಲಕ್ಕೆ ಬಿದ್ದವು. ಆ ಸದ್ದಿಗೆ ಓಣಿಯ ಕಿಟಕಿಗಳೆಲ್ಲ ತೆರೆದವು. ಅಕ್ಕನಿಗೆ ಏನೂ ಆಗಲಿಲ್ಲ. ಆದರೆ ಭಾವ ಬೆವೆತುಹೋಗಿದ್ದರು.

“ಸಾಕು. ಮರಳಿನ ಚೀಲಾನೇ ಹೊತ್ಕೋ. ಈ ಕಬ್ಬಿಣದ ಸಹವಾಸ ಬೇಡ.”

“ನೀವು ಬಸ್ಸಿಗೆ ಒಂದ್ಸಲ ಗೀರು ಬಿದ್ರೆ ಓಡಿಸೋದು ಬಿಟ್ಟುಬಿಡ್ತೀರೇನ್ರೀ?”

ಭಾವ ಸುಮ್ಮನೆ ಕೂರಲಿಲ್ಲ. ಡಿಪೋದ ಮೆಕ್ಯಾನಿಕ್ಕನ್ನು ಹಿಡಿದು, ಬಸ್ಸಿನ ಹಿಡಿಕೆಯ ಕೊಳವೆಯನ್ನು ಬಗ್ಗಿಸಿ, ಹಳೆ ಸೀಟಿನ ಸ್ಪಂಜು ಸುತ್ತಿ, ಎತ್ತಿನ ನೊಗದಂಥದ್ದೊಂದನ್ನು ಮಾಡಿಸಿ ತಂದರು. ಅಕ್ಕ ಅದನ್ನು ಹೊತ್ತು ನಿಂತಳು. ಡೀಸೆಲ್ ವಾಸನೆಗೆ ಮೂರು ಜನರೂ ಸೀನಿದೆವು. ಬಿಲ್ಲೆ ಹಾಕಿದ ಕೂಡಲೇ ಕೊಳವೆ ಮೆಲ್ಲಗೆ, ನಾಚಿಕೊಂಡವರ ಹಾಗೆ, ಎರಡೂ ಬದಿ ತಲೆ ಬಾಗಿಸಿತು.

“ನಿಮ್ಮ ಬಸ್ಸಲ್ಲಿ ನಿಂತ್ಕೊಂಡು ಹೋಗೋರ ಗತಿ ಇವತ್ತು ಗೊತ್ತಾಯ್ತು,” ಎಂದಳು ಅಕ್ಕ.

ಅಂಥ ಕಂಬಿ ನಿಜವಾಗಿಯೂ ಇದೆ ಎಂದು ತಿಳಿಸಿದ್ದು ಡಾಕ್ಟರಮ್ಮ. ಭುಜ ಹಿಡಿದುಹೋದವರಿಗೆ, ಕೈ ಹಿಂದಕ್ಕೆ ಹೋಗದವರಿಗೆಂದೇ ಮಾಡಿದ್ದು. ಕತ್ತಿನ ಹಿಂದೆ ದಪ್ಪ ಮೆತ್ತೆ, ಹೆಗಲ ಮೇಲಿಂದ ಎದೆಯ ಕಡೆಗೆ ಚಾಚುವ ಮೆತ್ತೆಯ ಎರಡು ತೋಳುಗಳು, ಅವುಗಳ ತುದಿಯಲ್ಲಿ ಹಿಡಿಕೆ. ಊರಿನ ಆ ಕೊನೆಯಲ್ಲಿ ವ್ಯಾಯಾಮದ ಸಾಮಾನು ಮಾರುವ ದೊಡ್ಡ ಅಂಗಡಿಯಿದೆ, ಹೋಗಿ ಹೊತ್ತು ನೋಡಿ ತನ್ನಿ, ಬರೀ ಫೋನಿನಲ್ಲಿ ಹೇಳಿ ತರಿಸಿಕೊಳ್ಳಬೇಡಿ ಎಂದರು. ಭಾವನ ರಜೆಯ ದಿನ ಬೆಳಿಗ್ಗೆ ಮೂವರೂ ಹೊರಟೆವು. ನಾನು ಅಭ್ಯಾಸಬಲದಿಂದ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಹೋಗಿದ್ದೆ.

ಅಂಗಡಿಯವನು ಹಿಂದೆ ಕುಸ್ತಿ ಮಾಡುತ್ತಿದ್ದವನು. ಎಲ್ಲರ ಬಾಯಲ್ಲೂ ಪೈಲ್ವಾನ್. ಕಿವಿಗಳೆರಡೂ ಹೂಕೋಸಿನ ಹಾಗೆ ಮುದುಡಿದ್ದವು. ಅಕ್ಕನ ಕೈಯನ್ನು ಅವನು ನೋಡಿದ. ನೋಡದ ಹಾಗೆ ನಟಿಸಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. “ಯಾವ ಭುಜ ಇಳಿದಿದೆ? ಎಡಗಡೆದು, ಅಲ್ವಾ?” ಎಂದು ಕೇಳಿ, ಒಳಗಿನ ಸಾಲಿಗೆ ಕರೆದುಕೊಂಡು ಹೋದ. ಅಲ್ಲಿ ಮೆತ್ತೆಯ ಕಂಬಿಗಳು ಮೂರು ಬಗೆಯವು ತೂಗುತ್ತಿದ್ದವು.

ಮೊದಲನೆಯದು ನೋಡಲು ತುಂಬ ಅಂದ. ದಿಂಬಿನಂಥ ಮೆತ್ತೆ, ಮುಟ್ಟಿದರೆ ಬೆರಳು ಒಳಗೆ ಹೋಗುತ್ತಿತ್ತು. ಭಾವನಿಗೆ ಅದೇ ಇಷ್ಟವಾಯಿತು. “ಇದೇ ಇರಲಿ. ಮೆತ್ತಗಿದೆ, ನೋವಾಗಲ್ಲ.” ಅಕ್ಕ ಅದರಡಿ ನಿಂತಳು. ಪೈಲ್ವಾನ್ ಎರಡೂ ಬದಿಗೆ ಒಂದೊಂದು ಬಿಲ್ಲೆ ಹಾಕಿದ್ದೇ ಮೆತ್ತೆ ಕುಸಿದು ಕಬ್ಬಿಣ ಎಲುಬಿಗೆ ಬಂತು. ಇಳಿದಿದ್ದ ಎಡಭುಜದ ಕಡೆಗೆ ಇಡೀ ಕಂಬಿ ವಾಲಿತು. ತೂಕ ಹಾಕುವ ತುದಿಗಳು ಹೆಗಲಿನ ಮಟ್ಟದಲ್ಲೇ ನೇರವಾಗಿದ್ದರಿಂದ ಅದಕ್ಕೆ ನೆಲೆಯೇ ಇರಲಿಲ್ಲ. ಅಕ್ಕ ಬಲಗೈ ಸಡಿಲಿಸಿದಾಗ ಹಿಡಿಕೆಗಳು ಮೇಲಕ್ಕೆದ್ದು ಅದು ಹಿಂದಕ್ಕೆ ತಿರುಗಹತ್ತಿತು. ಪೈಲ್ವಾನ್ ಗಬಕ್ಕನೆ ಹಿಡಿದುಕೊಂಡ.

“ಅಮ್ಮಾ, ಕೈ ಬಿಡಬಾರದು!”

“ನಾನು ಬಂದಿರೋದೇ ಬಿಡೋಕೆ ಕಣಪ್ಪಾ. ಒಂದೇ ಕೈಯಲ್ಲಿ ಹಿಡಿದ್ರೆ ಒಂದೇ ಕಡೆ ಎಳೆಯುತ್ತೆ. ಎರಡೂ ಕಡೆ ಸಮ ಇರಬೇಕು ಅಂದ್ರೆ ಎರಡೂ ಬಿಡಬೇಕು. ಬಿಟ್ರೆ ನಿಲ್ಲುತ್ತಾ, ಇಲ್ವಾ? ಅಷ್ಟು ತೋರಿಸು ಸಾಕು.”

ಪೈಲ್ವಾನ್ ಕಂಬಿಯನ್ನು ಅವಳ ಹೆಗಲಿನಿಂದ ಇಳಿಸಿ ಇಟ್ಟ. “ಬಂದೋರೆಲ್ಲ ಹಿಡ್ಕೊಳ್ಳೋಕೆ ಹೇಗಿದೆ ಅಂತ ಕೇಳ್ತಾರೆ,” ಎಂದ. “ಬಿಡೋಕೆ ಹೇಗಿದೆ ಅಂತ ಕೇಳಿದೋರು ನೀವೇ ಮೊದಲು.” ಆಮೇಲೆ ಹೋಗಿ, ಕಂಬಿ ಜಾರಿದರೆ ತಡೆಯುವ ಅಡ್ಡಸರಳುಗಳನ್ನು ಅಕ್ಕನ ಸೊಂಟದೆತ್ತರಕ್ಕೆ ಜೋಡಿಸಿ ಬಂದ.

ಎರಡನೆಯದರ ತುದಿಗಳು ಕೆಳಕ್ಕೆ ಬಾಗಿದ್ದವು. ಭಾರ ಹೆಗಲಿಗಿಂತ ಕೆಳಗೆ ತೂಗುವುದರಿಂದ ಅದು ಉರುಳುವುದಿಲ್ಲ ಎಂದು ಪೈಲ್ವಾನ್ ವಿವರಿಸಿದ. ಅದು ನಿಜವೇ. ಆದರೆ ಅದರ ತೋಳುಗಳು ಅವನಂಥ ಅಗಲ ಎದೆಯವರಿಗೆ ಮಾಡಿದವು. ನಾನು ಟೇಪು ಹಿಡಿದು ನೋಡಿದೆ: ಅಕ್ಕನ ಎರಡೂ ಹೆಗಲ ತುದಿಗಳಿಂದ ಅವು ಆಚೆಗೇ ಇದ್ದವು. ದೊಡ್ಡಣ್ಣನ ಕೋಟು ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತಿದ್ದಳು. “ಇದು ನಂದಲ್ಲ,” ಎಂದು ತಾನೇ ಹೊರಬಂದಳು.

ಮೂರನೆಯದನ್ನು ಇಳಿಸಲು ಪೈಲ್ವಾನ್‌ಗೂ ಒಂದು ಉಸಿರು ಬೇಕಾಯಿತು. ಬರೀ ಕಂಬಿಯೇ ಬಹಳ ಭಾರ. ಮೆತ್ತೆ ದಪ್ಪ, ಆದರೆ ಗಟ್ಟಿ. ಒತ್ತಿದರೆ ಹೆಬ್ಬೆರಳೇ ನೋಯಬೇಕು. ತೋಳುಗಳು ಒತ್ತಾಗಿದ್ದವು, ತುದಿಗಳು ಬಾಗಿ ಕೊಂಚ ಮುಂದಕ್ಕೆ ಬಂದಿದ್ದವು.

“ಇದಕ್ಕೊಂದು ಗುಣ ಇದೆ, ಮೊದಲೇ ಹೇಳ್ತೀನಿ,” ಎಂದ ಪೈಲ್ವಾನ್. “ಇದು ನಿಮ್ಮನ್ನ ಮುಂದಕ್ಕೆ ದಬ್ಬುತ್ತೆ. ಬೆನ್ನು ಸೆಟೆಸಿ ನಿಲ್ಲದೆ ಇದ್ರೆ ಕೈಮುಗಿಯೋ ಹಾಗೆ ಬಗ್ಗಿಸಿಬಿಡುತ್ತೆ. ಮೆತ್ತೆ ಕಂಬಿ ಅಂದ್ರೆ ಸುಲಭ ಅಂದ್ಕೋಬೇಡಿ.”

ಅಕ್ಕ ಅದರಡಿಗೆ ಹೋಗಿ, ತಲೆ ತೂರಿಸಿ, ಹೆಗಲು ಕೊಟ್ಟು ಎದ್ದಳು. ಒಂದು ಹೆಜ್ಜೆ ಹಿಂದೆ ಇಟ್ಟಳು. ಪೈಲ್ವಾನ್ ಅವಳ ಬೆನ್ನ ಹಿಂದೆ ಎರಡೂ ಕೈ ಚಾಚಿ ನಿಂತ. ಭಾವ ಕಣ್ಣು ಮುಚ್ಚಿಕೊಂಡರು. ಅಕ್ಕ ಬಲಗೈಯನ್ನು ಹಿಡಿಕೆಯಿಂದ ಬೆರಳು ಬೆರಳಾಗಿ ಬಿಡಿಸಿದಳು.

ಕಂಬಿ ನಿಂತಿತು.

ಅವಳು ಬಲಗೈಯನ್ನೂ ಮೋಟುಗೈಯನ್ನೂ ಮುಂದಕ್ಕೆ ಚಾಚಿದಳು. ಮೆಲ್ಲಗೆ ಕೆಳಗಿಳಿದಳು. ಒಂದು ಕ್ಷಣ ಅಲ್ಲೇ ಉಳಿದಳು. ಆಮೇಲೆ ಎದ್ದಳು. ಅಷ್ಟು ಕಬ್ಬಿಣ ಯಾರೂ ಹಿಡಿಯದೆ ಅವಳ ಮೇಲೆ ಕೂತು ಅವಳ ಜೊತೆಗೇ ಇಳಿದು, ಅವಳ ಜೊತೆಗೇ ಮೇಲೆ ಬಂತು. ಪಕ್ಕದ ಸಾಲಿನಲ್ಲಿ ಚಾಪೆ ನೋಡುತ್ತಿದ್ದವರು ಚಾಪೆ ಸುತ್ತುವುದನ್ನು ಮರೆತು ನಿಂತಿದ್ದರು. ನನ್ನ ಮೈಯ ರೋಮವೆಲ್ಲ ನೆಟ್ಟಗಾಗಿತ್ತು. ಯಾರೋ ಎಲ್ಲೋ ಕೂತು, ಕೈಗಳಿಲ್ಲದೆ ಭಾರ ಹೊರುವುದು ಹೇಗೆಂದು ಯೋಚಿಸಿ, ಒಂದು ಕಂಬಿಯನ್ನು ಹೀಗೆ, ಇಷ್ಟೇ ಬಗ್ಗಿಸಬೇಕೆಂದು ಕಂಡುಕೊಂಡಿದ್ದಾರೆ. ಅವರು ನನ್ನ ಅಕ್ಕನನ್ನು ಎಂದೂ ಕಂಡಿಲ್ಲ. ಆದರೂ ಅವಳ ಹೆಗಲಿಗೇ ಅಳತೆ ತೆಗೆದ ಹಾಗಿತ್ತು.

ಅಕ್ಕ ಕಂಬಿಯನ್ನು ಸ್ಟ್ಯಾಂಡಿನ ಮೇಲೆ ಇಟ್ಟು ಹೊರಬಂದಾಗ ಅವಳ ಮುಖ ಕೆಂಪಾಗಿತ್ತು.

“ಅಬ್ಬಾ! ಎಷ್ಟು ಭಾರ ಇದೆ! ಭಾರ ಅಂದ್ರೆ ಹೀಗಿರುತ್ತೆ ಅನ್ನೋದೇ ಮರೆತುಹೋಗಿತ್ತಲ್ಲೋ ನಂಗೆ!”

ಭಾವ ಕಣ್ಣು ಬಿಟ್ಟು, “ಬಿದ್ದಳಾ?” ಎಂದು ಕೇಳಿದರು.

ಆದರೂ ಕಂಬಿ ಎಡಕ್ಕೆ ಒಂದು ಬೆರಳಷ್ಟು ತಗ್ಗಿತ್ತು. ಪೈಲ್ವಾನ್‌ಗೂ ಅದು ಕಾಣಿಸಿತು, ತಲೆ ಕೆರೆದುಕೊಂಡ. ಆ ಒಂದು ಬೆರಳು ನನಗೆ ಇಪ್ಪತ್ತು ವರ್ಷದ ಪರಿಚಯ. “ಅದನ್ನ ನಂಗೆ ಬಿಡಿ,” ಎಂದೆ. ಮನೆಗೆ ತಂದ ಮೇಲೆ ಎಡತೋಳಿನ ಮೆತ್ತೆಯ ಹೊದಿಕೆ ಬಿಚ್ಚಿ, ಕೋಟಿನ ಒಳಗೆ ಹಾಕುವ ಗಟ್ಟಿ ಉಣ್ಣೆಯ ಪದರಗಳನ್ನು ಒಂದರ ಮೇಲೊಂದು ಇಟ್ಟು, ಅವಳು ಹೊತ್ತು ನಿಂತಾಗ ಎರಡೂ ತುದಿ ಸಮವಾಗುವವರೆಗೆ ಕಡಿಮೆ ಹೆಚ್ಚು ಮಾಡಿ ಹೊಲಿದೆ. ಮದುಮಗನ ಕೋಟಿಗೂ ನಾನು ಅಷ್ಟು ಸಲ ಹೊಲಿಗೆ ಬಿಚ್ಚಿಲ್ಲ.

ಇನ್ನೊಂದು ಫಜೀತಿ ಕೋಣೆಯಲ್ಲಿ ಕಾದಿತ್ತು. ಆ ಕಂಬಿ ಹಳೆಯದಕ್ಕಿಂತ ಉದ್ದ. ಸ್ಟ್ಯಾಂಡನ್ನು ಹೇಗೆ ತಿರುಗಿಸಿದರೂ ಒಂದು ತುದಿ ಗೋಡೆಗೆ ತಾಗುತ್ತಿತ್ತು. ಕಡೆಗೆ ಬಾಗಿಲಿಗೆ ನೇರವಾಗಿ ನಿಲ್ಲಿಸಿದೆವು. ಬಾಗಿಲು ತೆರೆದರೆ ಕಂಬಿಯ ಒಂದು ತುದಿ ಹೊರಗೆ ಓಣಿಗೆ ಇಣುಕುತ್ತಿತ್ತು. ಆ ಕಡೆಯ ಬಿಲ್ಲೆಗಳನ್ನು ಭಾವ ಓಣಿಯಲ್ಲಿ ನಿಂತು ಹಾಕಬೇಕು. ಹಾದುಹೋಗುವವರು ಸೈಕಲ್ ಇಳಿದು ತಲೆ ತಗ್ಗಿಸಿ ಹೋಗುತ್ತಿದ್ದರು. ಮೊದಮೊದಲು ಇಣುಕಿ ನೋಡಿ ನಗುತ್ತಿದ್ದವರು ಆಮೇಲೆ ನಗು ನಿಲ್ಲಿಸಿದರು. ಅಕ್ಕ ಭಾರ ಹೊತ್ತಿರುವಾಗ ಆ ಓಣಿಯಲ್ಲಿ ಯಾರೂ ಗಂಟೆ ಬಾರಿಸುವುದಿಲ್ಲ.

ಒಂದು ದಿನ ನಾನೂ ಅದರಡಿ ನಿಂತೆ. ಬಿಲ್ಲೆ ಹಾಕಿಸಿಕೊಳ್ಳದೆ, ಬರೀ ಕಂಬಿ. ಇಷ್ಟು ವರ್ಷ ಹೊಲಿಗೆ ಯಂತ್ರದ ಮೇಲೆ ಬಗ್ಗಿದ ಬೆನ್ನು ನನ್ನದು. ಎತ್ತಿ ಹಿಂದಕ್ಕೆ ಹೆಜ್ಜೆಯಿಟ್ಟದ್ದಷ್ಟೇ ನೆನಪು. ಪೈಲ್ವಾನ್ ಹೇಳಿದ ಹಾಗೆ ಅದು ನನ್ನನ್ನು ಮುಂದಕ್ಕೆ ದಬ್ಬಿತು, ಕೆಳಗೆ ಹೋದವನು ಮೇಲೆ ಬರಲಿಲ್ಲ. ಪೈಲ್ವಾನ್ ಕಂಬಿಯ ಜೊತೆಗೇ ಕೊಟ್ಟಿದ್ದ ಅಡ್ಡಸರಳಿನ ಮೇಲೆ ಅದು ಕೂತಿತು, ಅದರಡಿ ನಾನು ಕೂತೆ.

“ಎದ್ದೇಳೋ,” ಎಂದಳು ಅಕ್ಕ.

“ಆಗ್ತಿಲ್ಲಕ್ಕಾ.”

“ಹಾಗಾದ್ರೆ ತೆವಳಿಕೊಂಡು ಬಾ.”

ತೆವಳಿಕೊಂಡೇ ಬಂದೆ. ಅದೇ ಕಂಬಿಗೆ ಎರಡೂ ಬದಿ ದೊಡ್ಡ ಬಿಲ್ಲೆಗಳನ್ನು ಹಾಕಿಸಿಕೊಂಡು, ನನಗಿಂತ ಗಿಡ್ಡಗಿರುವ ಅವಳು ಕೈಚಾಚಿ ಕೂತೆದ್ದಳು. ನೋಡುವುದಕ್ಕೂ ಅದರಡಿ ಕೂತು ಬಂದ ಮೇಲೆ ನೋಡುವುದಕ್ಕೂ ಇರುವ ಅಂತರ ಅವತ್ತು ತಿಳಿಯಿತು. ಅವಳ ಷರಾಯಿಗಳನ್ನೆಲ್ಲ ತೊಡೆಯ ಹತ್ತಿರ ಬಿಚ್ಚಿ ಅಗಲ ಮಾಡಬೇಕಾಯಿತು. ಟೇಪು ಹಿಡಿದಾಗ ಅದರಡಿ ಸಿಕ್ಕಿದ್ದು ಮಾಂಸವೋ ಮರವೋ ಎಂದು ಅನುಮಾನ ಬರುತ್ತಿತ್ತು.

ಹೋದ ಚಳಿಗಾಲದಲ್ಲಿ ಡಾಕ್ಟರಮ್ಮ ತಾವೇ ನೋಡಲು ಬಂದರು. ಅವತ್ತು ಅಕ್ಕ ಎಂದೂ ಹೊರದಷ್ಟು ಭಾರ ಹಾಕಿಸಿದಳು. ಭಾವ ಓಣಿಯಲ್ಲಿ ನಿಂತು ಲೆಕ್ಕ ಹಾಕಿ, “ಏ, ಇದು ನನ್ನ ತೂಕಕ್ಕಿಂತ ಜಾಸ್ತಿ ಆಯ್ತು!” ಎಂದು ಕೂಗಿದರು. ಬಸ್ಸಿನ ಸೀಟಿನಲ್ಲಿ ಕೂತು ಬೆಳೆಸಿದ ಅವರ ಹೊಟ್ಟೆಯನ್ನು ಬಲ್ಲವರಿಗೆ ಅದರ ಅರ್ಥ ಗೊತ್ತು.

“ನೀವು ಸುಮ್ನಿರಿ, ನಗಿಸಬೇಡಿ,” ಎಂದಳು.

ಉಸಿರು ತುಂಬಿಕೊಂಡು ಇಳಿದಳು. ಮೇಲೆ ಬರುವಾಗ ಅರ್ಧದಲ್ಲಿ ನಿಂತುಬಿಟ್ಟಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ತೊಡೆಗಳು ಅದುರುತ್ತಿದ್ದವು. ಬಾಗಿಲಲ್ಲಿದ್ದ ಭಾವ ತುದಿಗೆ ಕೈ ಹಾಕಲು ಮುಂದೆ ಬಂದರು. ಅಕ್ಕ ಬರೀ ಕಣ್ಣಿನಲ್ಲೇ ಬೇಡವೆಂದಳು. ಭಾವನ ಕೈ ಗಾಳಿಯಲ್ಲೇ ಉಳಿಯಿತು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಕೋಣೆಯಲ್ಲಿ ಉಸಿರಾಡುತ್ತಿದ್ದವಳು ಅವಳೊಬ್ಬಳೇ. ಆಮೇಲೆ, ಎಲ್ಲಿಂದ ತಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಒಂದು ಕೂದಲೆಳೆ, ಇನ್ನೊಂದು ಕೂದಲೆಳೆ, ಹಾಗೆ ಮೇಲಕ್ಕೆ ಬಂದಳು. ಬೆನ್ನು ನೆಟ್ಟಗಾಯಿತು. ಕಬ್ಬಿಣ ಒಮ್ಮೆ ಟಿಣ್ ಎಂದಿತು.

ಡಾಕ್ಟರಮ್ಮ ಹತ್ತಿರ ಬಂದು ಬಿಲ್ಲೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ, “ನಾನು ಹೇಳಿದ್ದು ಮಂಡಿ ನೋವಿಗೆ ಮದ್ದು. ಇದು ನಾನು ಹೇಳಿದ್ದಲ್ಲ,” ಎಂದರು. ಇನ್ನೂ ಏನೋ ಯೋಚಿಸಿ, “ನನ್ನ ಹತ್ತಿರ ಬರೋರಲ್ಲಿ ಒಬ್ಬರು ಗಾರೆ ಕೆಲಸದವರಿದ್ದಾರೆ. ಕಟ್ಟಡದ ಸಾರುವೆ ಮೇಲಿಂದ ಬಿದ್ದು ಬಲಭುಜ ಎದೆಮಟ್ಟಕ್ಕಿಂತ ಮೇಲೆ ಏಳಲ್ಲ. ಮನೆಯಿಂದ ಹೊರಗೆ ಬರೋದೇ ಬಿಟ್ಟಿದ್ದಾರೆ. ಒಂದ್ಸಲ ಕರ್ಕೊಂಡು ಬಂದು ನಿಮ್ಮನ್ನ ತೋರಿಸಲಾ?” ಎಂದು ಕೇಳಿದರು.

“ನೋಡೋಕಾದ್ರೆ ಬೇಡ,” ಎಂದಳು ಅಕ್ಕ, ಮುಖ ಒರೆಸಿಕೊಳ್ಳುತ್ತ. “ಹೊರೋಕಾದ್ರೆ ಬರಲಿ.”

ಗಾರೆಯವರು ಬಂದರು. ಎತ್ತರದ ಮನುಷ್ಯ, ಬಾಗಿಲಲ್ಲಿ ಬಗ್ಗಿ ಬಂದು, ಕಂಬಿಯನ್ನು ನೋಡಿ, ನೆಲ ನೋಡಿಕೊಂಡು ನಿಂತರು. ಮೊದಲು ಕೆಲವು ವಾರ ಮರಳಿನ ಚೀಲ. ಆಮೇಲೆ ಒಂದು ಬೆಳಿಗ್ಗೆ ಅಕ್ಕ ಅವರನ್ನು ಕಂಬಿಯಡಿಗೆ ಕಳಿಸಿದಳು. ತಾನು ಹಿಂದೆ ನಿಂತು, ಒಂದು ಕೈಯನ್ನೂ ಒಂದು ಮೋಟುಗೈಯನ್ನೂ ಅವರ ಪಕ್ಕೆಗಳ ಎರಡೂ ಬದಿಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದಳು.

“ಉಸಿರು ತುಂಬ್ಕೊಳ್ಳಿ, ಅಣ್ಣಾ. ಈಗ ಕೈ ಬಿಡಿ.”

“ಬಿದ್ರೆ?”

“ನಾನಿಲ್ಲಿದ್ದೀನಿ. ಬಿಡಿ.”

ಅವರು ಬಿಟ್ಟರು. ಮೇಲೇಳದ ಭುಜ ಹಾಗೇ ಇಳಿಬಿದ್ದಿತ್ತು, ಕಂಬಿ ಅಲುಗಲಿಲ್ಲ. ಅವರು ಇಳಿದಂತೆ ಹಿಂದಿದ್ದ ಅಕ್ಕನೂ ಇಳಿದಳು. ಒಂದೇ ತಾಳದಲ್ಲಿ ಎರಡು ಮೈ ಕೆಳಗೆ ಹೋಗಿ, ಒಂದೇ ತಾಳದಲ್ಲಿ ಮೇಲೆ ಬಂದವು. ಗಾರೆಯವರ ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು. ಅದು ನಗುವೋ ಅಳುವೋ ಓಣಿಯಲ್ಲಿ ಸೈಕಲ್ ಹಿಡಿದು ನಿಂತವರಿಗೂ ತಿಳಿಯಲಿಲ್ಲ, ಹತ್ತಿರವೇ ಇದ್ದ ನನಗೂ ತಿಳಿಯಲಿಲ್ಲ.

“ಇನ್ನೊಂದು,” ಎಂದಳು ಅಕ್ಕ.